ಒಂದೇ ಗಾಡಿಯ ಇಬ್ಬರು

ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಓಡುವ ಒಂದು ಟಂಟಂ ಆಟೋವನ್ನು ನಾನೂ ಇನ್ನೊಬ್ಬ ಚಾಲಕನೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ಮುಂಜಾನೆ ನಾನು, ಮಧ್ಯಾಹ್ನದಿಂದ ಕತ್ತಲಾಗುವ ತನಕ ಅವನು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ನಾನು ಅಣ್ಣ ಎಂದು ಕರೆಯುತ್ತಿದ್ದೆ.

ಕೊರೊನಾ ಬಂದು ಲಾಕ್‌ಡೌನ್ ಆದಾಗ ಗಾಡಿ ಮಾಲೀಕರ ಹಿತ್ತಲಲ್ಲಿ ನಿಂತಿತು. ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಾಣುವ ಹೊತ್ತಿಗೆ, ಆಟೋ ಚಾಲಕರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಬಂತು. ಇಬ್ಬರೂ ಲೈಸೆನ್ಸು ಹಿಡಿದುಕೊಂಡು ಅರ್ಜಿ ಹಾಕಲು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಲ್ಲಿದ್ದ ಹೆಣ್ಣುಮಗಳು ಗಾಡಿ ನಂಬರು ಕೇಳಿದಳು. ಇಬ್ಬರೂ ಒಂದೇ ನಂಬರು ಹೇಳಿದೆವು.

"ಒಂದ ಗಾಡಿಗೆ ಒಬ್ಬರಿಗಷ್ಟ ಬರ್ತೈತ್ರಿ. ಯಾರದು ಹಾಕ್ಲಿ?"

ನಾನು ನೆಲ ನೋಡಿದೆ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದರು, ನನಗೆ ಗೊತ್ತಿತ್ತು.

"ಇವಂದ ಹಾಕವ್ವಾ. ಮನ್ಯಾಗ ಬಾಣಂತಿ ಅದಾಳ" ಎಂದ ಅವನು.

"ಅಣ್ಣಾ, ನಿಂದೂ..." ಎಂದೆ. ಆದರೆ ನನ್ನ ಲೈಸೆನ್ಸನ್ನೇ ಅವಳ ಮುಂದಿಟ್ಟೆ.

ಹಣ ಬಂದ ದಿನ ಅರ್ಧ ತೆಗೆದುಕೊಂಡು ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಹೊರಸಿನ ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದ. ನನ್ನ ಕೈ ನೋಡಿಯೇ ನಕ್ಕ.

"ಹುಚ್ಚ ಅದೀ ಏನು? ಕೂಸಿನ ಪಾಲು ತಂದು ನನಗ ಕೊಡಾಕತ್ತೀ. ಹೋಗ್, ಹೋಗ್."

ಇನ್ನೊಮ್ಮೆ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಅವನ ಓಣಿ ದಾಟುತ್ತಿದ್ದಂತೆ ಮನಸ್ಸು ಹಗುರಾಯಿತು, ಮತ್ತು ಹಗುರಾಯಿತಲ್ಲ ಎಂದು ಆಗಲೇ ನಾಚಿಕೆಯೂ ಆಯಿತು.

ಆ ನಾಚಿಕೆ ಕಳೆದುಕೊಳ್ಳಲೆಂದೇ ಏನೋ, ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಹಮಾಲರಿಗೆ ಕೆಲಸ ಹಂಚುವ ಮುಕಾದಮನಾಗಿದ್ದ ನನ್ನ ಸೋದರಮಾವನಿಗೆ ಫೋನು ಮಾಡಿದೆ. ಗಿರಣಿಗಳನ್ನು ನಡೆಸಲು ಪರವಾನಗಿ ಸಿಕ್ಕಿತ್ತು, ಚೀಲ ಹೊರುವವರು ಬೇಕಾಗಿದ್ದರು. ಅಣ್ಣನಿಗೆ ಅಲ್ಲಿ ಕೆಲಸ ಸಿಕ್ಕಿತು. ಹೇಳಿದಾಗ ಬಹಳ ಖುಷಿಪಟ್ಟ. "ಛಲೋ ಮಾಡಿದಿ ತಮ್ಮಾ" ಎಂದ. ಋಣ ತೀರಿತು ಎಂದುಕೊಂಡೆ.

ಅವನದು ಸ್ಟೇರಿಂಗ್ ಹಿಡಿದ ಮೈ, ಚೀಲ ಹೊತ್ತ ಮೈ ಅಲ್ಲ. ಲಾರಿಗೆ ಹಾಕಿದ್ದ ಹಲಗೆಯ ಮೇಲೆ ಕಾಲು ಜಾರಿ ಚೀಲದ ಸಮೇತ ಬಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಆಯಿತು. ನಡೆದಾಡುವಂತಾದ, ಆದರೆ ಗಾಡಿ ಹೊಡೆಯಬಾರದು ಎಂದರು ಡಾಕ್ಟರು.

ಅವನ ಹೆಂಡತಿ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟಳು. ಬೈದಿದ್ದರೆ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಲಾಕ್‌ಡೌನ್ ಸಡಿಲಾಗಿ ಗಾಡಿ ಮತ್ತೆ ಓಡತೊಡಗಿದಾಗ ಮಾಲೀಕರು, "ಇನ್ನ ಪೂರಾ ದಿನ ನೀನ ಹೊಡಿ" ಎಂದರು. ಹ್ಞೂಂ ಎಂದೆ. ಮಧ್ಯಾಹ್ನದ ನಂತರ ಸೀಟಿನಲ್ಲಿ ಕುಳಿತರೆ ಬೇರೆಯವರ ಮನೆಯೊಳಗೆ ಕೇಳದೆ ಹೊಕ್ಕಂತೆ ಅನಿಸುತ್ತಿತ್ತು. ಆದರೂ ಹೊಡೆದೆ. ನನ್ನ ಹೆಂಡತಿಯ ಮುಂದೆ ಹೇಳಿಕೊಂಡರೆ, "ನೀವೇನು ಅವರನ್ನ ದೂಡಿದಿರೇನು?" ಎಂದಳು. ದೂಡಿರಲಿಲ್ಲ, ನಿಜ.

ಈಗ ಅವನೂ ಹೆಂಡತಿಯೂ ಸೇರಿ ಸಂತೆಯಲ್ಲಿ ಬಳ್ಳೊಳ್ಳಿ, ಶುಂಠಿ ಮಾರುತ್ತಾರೆ. ಸಂತೆಯ ದಿನ ನನ್ನ ಗಾಡಿಗೇ ಕಾಯುತ್ತಾನೆ. ಬಾಡಿಗೆ ಬೇಡವೆಂದರೆ ಕೇಳುವುದಿಲ್ಲ. ಒಮ್ಮೆ ಕಿಸೆಗೆ ತುರುಕುತ್ತಾ, "ತಗೋ, ಇದು ಸರಕಾರದ ರೊಕ್ಕ ಅಲ್ಲ, ನಂದ ಐತಿ" ಎಂದು ನಕ್ಕ. ಅವನಿಗದು ಚೇಷ್ಟೆ. ನಾನು ಗಾಡಿ ಚಾಲೂ ಮಾಡಿದೆ.

ಅವನು ಹಿಂದೆ ಕುಳಿತ ದಿನ ನಾನು ರಸ್ತೆಯ ಪ್ರತಿ ತಗ್ಗನ್ನೂ ತಪ್ಪಿಸಿ, ನಿಧಾನವಾಗಿ ಹೊಡೆಯುತ್ತೇನೆ. ಸಂತೆಗೆ ತಡವಾಯಿತೆಂದು ಉಳಿದವರು ಗೊಣಗುತ್ತಾರೆ. ಅವನೂ, "ಜೋರ್ ಹೊಡಿ ತಮ್ಮಾ, ನಾ ಏನ್ ಗಾಜಿನ ಗೊಂಬಿ ಅಲ್ಲ" ಎನ್ನುತ್ತಾನೆ. ನನ್ನಿಂದ ಆಗುವುದಿಲ್ಲ.