ಹಾರ್ಡ್ ಡಿಸ್ಕಿನಲ್ಲಿ ಕೇಳಿದ ನನ್ನ ದನಿ

ದೆವ್ವ, ಮಾಟ, ಶಕುನ ಎಂಬ ಮಾತು ಬಂದರೆ ನಾನು ಮೊದಲಿನಿಂದಲೂ ನಗುವವರ ಪೈಕಿ. ಲಕ್ಷ್ಮೇಶ್ವರದ ಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆಗಳಲ್ಲಿ ಫೋಟೋ, ವಿಡಿಯೋ ತೆಗೆಯುವುದು ನನ್ನ ಕಸುಬು. ಫೋಟೋದ ಮೂಲೆಯಲ್ಲಿ ಯಾರದೋ ನೆರಳು ಬಿದ್ದಿದೆ, ತೀರಿಕೊಂಡ ಅಜ್ಜ ಬಂದು ನಿಂತಿದ್ದಾನೆ ಎಂದು ಓಡಿಬಂದವರಿಗೆ, ಲೆನ್ಸ್ ಒರೆಸಿರಲಿಲ್ಲ ಅಷ್ಟೇ ಎಂದು ಹೇಳಿ ಕಳಿಸಿದ್ದೇನೆ. ಹಾಗೆ ಅಂದವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ. ಬೈದರೂ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಏಕೆಂದರೆ ಈ ಸಂಗತಿಯಲ್ಲಿ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು.

ದೇವರನ್ನು ಅಷ್ಟಾಗಿ ನಂಬದಿದ್ದರೂ ಖಂಡೇ ಪೂಜೆ ತಪ್ಪಿಸುವಷ್ಟು ಎದೆಗಾರಿಕೆ ನನಗಿಲ್ಲ. ಹೊಟ್ಟೆಪಾಡಿನ ಸಾಮಾನುಗಳ ಪೂಜೆ ಅದು. ಪ್ರತಿ ಮಹಾನವಮಿಗೆ ಕ್ಯಾಮೆರಾ, ಲೈಟು, ಲ್ಯಾಪ್‌ಟಾಪ್ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ವಿಭೂತಿ ಅರಿಷಿಣ ಕುಂಕುಮ ಹಚ್ಚಿ, ಹೂವೇರಿಸಿ ಕಾಯಿ ಒಡೆಯುತ್ತೇನೆ. ಕೆಲವು ವರ್ಷಗಳ ಹಿಂದಿನ ಮಹಾನವಮಿಗೆ, ಹಳೆಯ ಮದುವೆಗಳ ಶೂಟಿಂಗ್ ತುಂಬಿಟ್ಟಿದ್ದ ಹಾರ್ಡ್ ಡಿಸ್ಕನ್ನೂ ಆ ಸಾಲಿನಲ್ಲಿಟ್ಟಿದ್ದೆ. ಕಾಯಿ ಒಡೆದ ರಭಸಕ್ಕೆ ನೀರೆಲ್ಲ ಅದರ ಮೇಲೆಯೇ ಸುರಿಯಿತು. ಮರುದಿನ ದಸರೆಯ ಬನ್ನಿ ಕೊಡುವವರೆಗೆ ಪೂಜೆಗಿಟ್ಟ ಸಾಮಾನು ಮುಟ್ಟಬಾರದು ಎಂದು ನನ್ನ ಹೆಂಡತಿ ಒರೆಸಲು ಬಿಡಲಿಲ್ಲ. ನಾನೂ ಹೂಂ ಅಂದೆ. ಕ್ಯಾಮೆರಾದ ಮೇಲೆ ಒಂದು ಮಳೆಹನಿ ಬಿದ್ದರೆ ಕೂಗಾಡುವ ಮನುಷ್ಯ, ಡಿಸ್ಕಿನ ಮೇಲೆ ತೆಂಗಿನ ನೀರು ಒಣಗುವುದನ್ನು ನೋಡುತ್ತ ಹೋಳಿಗೆ ಉಂಡೆ.

ಹಬ್ಬ ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಹಚ್ಚಿದರೆ ಡಿಸ್ಕು ಟಕ್ ಟಕ್ ಎನ್ನುತ್ತಿತ್ತೇ ಹೊರತು ಪರದೆಯ ಮೇಲೆ ಅದರ ಹೆಸರೇ ಬರಲಿಲ್ಲ. ಎಲ್ಲರಿಗೂ ಅವರವರ ವಿಡಿಯೋ ಕೊಟ್ಟಾಗಿದೆ, ಹಳೆಯ ಶೂಟಿಂಗನ್ನು ಇನ್ನು ಯಾರು ಕೇಳುತ್ತಾರೆ ಎಂದು ಅದನ್ನು ಕಪಾಟಿಗೆ ಹಾಕಿ ಮರೆತೆ.

ಅದನ್ನೇ ಕೇಳಿಕೊಂಡು ಒಂದು ದಿನ ರತ್ನಾ ಬಂದಳು. ಶಿಗ್ಲಿಯ ಹುಡುಗಿ, ಮುಂಡರಗಿಗೆ ಕೊಟ್ಟಿದ್ದಾರೆ. ಅವಳ ಮದುವೆಯ ವಿಡಿಯೋ ಮಾಡಿದವನು ನಾನೇ. ತಂದೆ ಅವಳ ಚಿಕ್ಕಂದಿನಲ್ಲೇ ಹೋಗಿದ್ದರು. ತಾಯಿ ನೀಲವ್ವನೂ ತೀರಿಕೊಂಡು ಆಗ ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೊಟ್ಟ ನೀರನ್ನೂ ಕುಡಿಯದೆ ಮಾತಿಗೆ ತೊಡಗಿದಳು.

"ಅಣ್ಣಾರ, ಮದಿವಿ ವಿಡಿಯೋದಾಗ ನಮ್ಮವ್ವ ಎಲ್ಲೂ ಇಲ್ರಿ. ಅಕ್ಕಿಕಾಳು ಬೀಳುವಾಗ ನಾನೂ ಮ್ಯಾಲ ಬಂದಿದ್ದೆ, ನಿನ್ನ ತಲಿ ಮ್ಯಾಲ ಕಾಳು ಹಾಕೇನಿ ಅಂತ ಸಾಯೂತನಾ ಹೇಳಿದ್ಲು. ನಮ್ಮ ಮನ್ಯಾಗ ಎಲ್ಲಾರೂ, ಅಕಿ ಅಡಿಗಿ ಕಡೆ ಇದ್ಲು ಅಂತಾರ. ಪೂರಾ ಶೂಟಿಂಗ್ ನಿಮ್ಮ ಹತ್ರ ಇರತೈತೆಲ್ಲ, ಒಮ್ಮೆ ತೋರಸ್ರಿ."

ಅವಳಿಗೆ ತಾನಾಗಿ ನೆನಪಿರುವುದು ಸಾಧ್ಯವಿರಲಿಲ್ಲ. ಬಾಸಿಂಗ ಕಟ್ಟಿದ ಮದುಮಗಳು ತಲೆ ತಗ್ಗಿಸಿ ನಿಂತಿರುತ್ತಾಳೆ. ಸುತ್ತ ಜನ, ಮೇಲಿಂದ ಅಕ್ಷತೆಯ ಅಕ್ಕಿಕಾಳು, ಕಿವಿ ಗಡಚಿಕ್ಕುವ ವಾಜಂತ್ರಿ. ಯಾರು ಬಂದರು ಯಾರು ಹೋದರು ಅವಳಿಗೇನು ಗೊತ್ತಾಗಬೇಕು. ಆದರೆ ನನಗೆ ಗೊತ್ತಿತ್ತು.

ನಮ್ಮ ಕಸುಬಿನ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು. ಗಂಡ ಸತ್ತ ಹೆಂಗಸು ಅಕ್ಕಿಕಾಳಿನ ಹೊತ್ತಿಗೆ ವೇದಿಕೆಯ ಹತ್ತಿರ ಬಂದರೆ, ಬರಬೇಡ ಎಂದು ಬಾಯಿಬಿಟ್ಟು ಹೇಳಲು ಈಗಿನವರಿಗೆ ಸಂಕೋಚ. ಹಾಗಾಗಿ ಹಿರಿಯರಲ್ಲಿ ಒಬ್ಬರು ಕ್ಯಾಮೆರಾದವನಿಗೆ ಕಣ್ಸನ್ನೆ ಮಾಡುತ್ತಾರೆ. ಲೈಟಿಗೆ ಅಡ್ಡ ಬರುತ್ತೀರಿ, ಹಿಂದೆ ಸರಿಯಿರಿ ಎಂದು ಅವನು ಹೇಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಷ್ಟೋ ಮದುವೆಗಳಲ್ಲಿ ಆ ಕೋಲು ನಾನೇ. ತಪ್ಪೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಲೈಟು ಹೊಂದಿಸುವುದು ಹೇಗೆ ಕೆಲಸವೋ ಇದೂ ಹಾಗೇ ಒಂದು ಕೆಲಸವಾಗಿತ್ತು.

ನೀಲವ್ವನಿಗೂ ಅದನ್ನೇ ಹೇಳಿದ್ದೆ. ಸೆರಗನ್ನು ತಲೆತುಂಬ ಹೊದ್ದು, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. "ಅವ್ವಾರ, ಲೈಟಿಗೆ ಅಡ್ಡ ಬರಾಕತ್ತೀರಿ, ಜರಾ ಹಿಂದ ಸರೀರಿ" ಅಂದೆ. "ಆತ್ ಬಿಡಪಾ" ಎಂದು ಅಡುಗೆಯ ಕಡೆ ಹೊರಟುಹೋದರು. ಹೋಗುವಾಗಲೂ ಮುಷ್ಟಿ ಬಿಚ್ಚಿರಲಿಲ್ಲ. ಎಡಿಟಿಂಗಿನಲ್ಲಿ ಅವರು ನಿಂತಿದ್ದ ಚಿತ್ರವನ್ನೂ ನನ್ನ ಮಾತನ್ನೂ ತೆಗೆದು ಅಲ್ಲಿ ಸನಾದಿ ಹಾಕಿದೆ. ಮೂಲ ಶೂಟಿಂಗಿನಲ್ಲಿ ಮಾತ್ರ ಅದು ಹಾಗೇ ಉಳಿದಿತ್ತು. ಮಗಳ ಮನಸ್ಸು ನೋಯಬಾರದೆಂದು ಆ ತಾಯಿ ಸುಳ್ಳು ಹೇಳಿದ್ದರು. ಆ ಸುಳ್ಳನ್ನು ಬಯಲು ಮಾಡುವ ಸಾಕ್ಷಿ ನನ್ನ ಕಪಾಟಿನಲ್ಲಿತ್ತು.

"ಡಿಸ್ಕ್ ಕೆಟ್ಟೈತಿ ತಂಗಿ, ತೆರಿಯಂಗಿಲ್ಲ" ಅಂದೆ. ಹಾಗೆ ಅನ್ನುವಾಗ ನನಗೆ ಒಳಗೊಳಗೇ ಹಗುರಾಯಿತು. ತಾಯಿ ಸತ್ತ ಹುಡುಗಿಯ ಮುಂದೆ ಕೂತು, ಡಿಸ್ಕು ಕೆಟ್ಟದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

"ಒಮ್ಮೆ ಹಚ್ಚಿ ನೋಡ್ರಿ ಅಣ್ಣಾರ" ಎಂದಳು.

ಹಚ್ಚಿದೆ. ಅದೇ ಟಕ್ ಟಕ್. ವೈರು ಬದಲಿಸಿದೆ, ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಚ್ಚಿದೆ. ಡಿಸ್ಕಿನ ಬಾಯಲ್ಲಿ ಹಳದಿ ಕಟ್ಟಿಕೊಂಡಿತ್ತು, ಪೂಜೆಯ ಅರಿಷಿಣವೋ ತುಕ್ಕೋ ತಿಳಿಯದು, ಬ್ರಷ್ಷಿನಿಂದ ಉಜ್ಜಿ ತೆಗೆದೆ. ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿತು. ಫಾರ್ಮ್ಯಾಟ್ ಎಂದರೆ ಇದ್ದದ್ದೆಲ್ಲ ಅಳಿಸಿಹೋಗುವುದು. ಒಂದು ಕ್ಷಣ ನನ್ನ ಬೆರಳು ಅಲ್ಲಿಯೇ ನಿಂತಿತು. ಒತ್ತಿದ್ದರೆ ಅವಳಿಗೇನೂ ಗೊತ್ತಾಗುತ್ತಿರಲಿಲ್ಲ. ಅವಳು ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡ ಎಂದು ಒತ್ತಿದೆ. ಡಾಕ್ಟರರು ಕೈಚೆಲ್ಲುವ ಮೊದಲು ಮನೆಯವರ ಸಮಾಧಾನಕ್ಕೆ ಒಂದು ಸೂಜಿ ಚುಚ್ಚುತ್ತಾರಲ್ಲ, ಹಾಗೆ ಕಡೆಯ ಸಲ ವೈರು ಕಿತ್ತು ಹಚ್ಚಿದೆ.

ಟಕ್ ಟಕ್ ನಿಂತಿತು. ಡಿಸ್ಕು ತೆರೆದುಕೊಂಡಿತು. ಎಲ್ಲ ಫೋಲ್ಡರುಗಳ ಹೆಸರುಗಳೂ ಕಂಡವು. ರತ್ನಾಳ ಮದುವೆಯದನ್ನು ಒತ್ತಿದರೆ ಒಳಗೆ ಒಂದೇ ಒಂದು ವಿಡಿಯೋ ಇತ್ತು. ಕಾಪಿ ಮಾಡಿಕೊಳ್ಳುವ ಮೊದಲೇ ಅವಳು, "ಹಚ್ರಿ, ಹಚ್ರಿ" ಎಂದು ಅವಸರ ಮಾಡಿದಳು. ಇನ್ನು ನನ್ನ ಮಾನ ಹೋಯಿತು ಎಂದುಕೊಂಡೇ ಹಚ್ಚಿದೆ.

ಅಕ್ಕಿಕಾಳಿನ ಹೊತ್ತೇ ಅದು. ಜನ, ವಾಜಂತ್ರಿ, ಮೆಟ್ಟಿಲ ಬಳಿ ನೀಲವ್ವ. ನಾನು ತಲೆ ಕೆಳಗೆ ಹಾಕಿದೆ. ಆಗ ನನ್ನದೇ ದನಿ ಕೇಳಿಸಿತು. "ಅವ್ವಾರ, ಮುಂದ ಬರ್ರಿ. ಮಗಳಿಗೆ ನೀವ ಮೊದಲ ಕಾಳು ಹಾಕ್ರಿ."

ತಲೆಯೆತ್ತಿ ನೋಡಿದೆ. ನೀಲವ್ವ ಮೆಟ್ಟಿಲು ಹತ್ತಿ ಬಂದರು. ಅಂಜುತ್ತ ಆಚೀಚೆ ನೋಡಿದರು. ಮುಷ್ಟಿ ಬಿಚ್ಚಿ ಮಗಳ ತಲೆಯ ಮೇಲೆ ಕಾಳು ಹಾಕಿದರು, ಅಳಿಯನಿಗೂ ಹಾಕಿದರು. ಆಮೇಲೆ ಕ್ಯಾಮೆರಾದತ್ತ, ಅಂದರೆ ನನ್ನತ್ತ, ತಿರುಗಿ ಸಣ್ಣಗೆ ನಕ್ಕರು. ಚಿತ್ರ ಅಲ್ಲಿಗೇ ನಿಂತಿತು. ಮತ್ತೆ ಟಕ್ ಟಕ್ ಶುರುವಾಯಿತು. ಮೊಬೈಲಿನಲ್ಲಾದರೂ ಹಿಡಿದುಕೊಳ್ಳಬೇಕೆಂಬ ಎಚ್ಚರ ನಮ್ಮಿಬ್ಬರಿಗೂ ಇರಲಿಲ್ಲ. ಆಮೇಲೆ ಎಷ್ಟು ಸಲ ಹಚ್ಚಿದರೂ ಡಿಸ್ಕು ತೆರೆಯಲಿಲ್ಲ.

ರತ್ನಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಕಣ್ಣೊರೆಸಿಕೊಂಡು, "ಯಾರೂ ಕರೀಲಾರದ್ದು ನೀವು ಕರದ್ರಿ ಅಣ್ಣಾರ, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಅಂದಳು. ನಾನು ಕರೆದಿಲ್ಲ, ಓಡಿಸಿದೆ ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಅವಳ ಕೈಗೆ ಈಗಷ್ಟೇ ಸಿಕ್ಕ ತಾಯಿಯನ್ನು ಕಿತ್ತುಕೊಂಡಂತೆ ಆಗುತ್ತಿತ್ತು, ನಿಜ. ಆದರೆ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಕಾರಣಕ್ಕಲ್ಲ. ಆ ಹೊಗಳಿಕೆ ನನಗೆ ಹಿತವಾಗಿತ್ತು.

ಡಿಸ್ಕನ್ನು ಗದಗಿಗೆ ಒಯ್ದು ರಿಪೇರಿಯವರಿಗೆ ಕೊಟ್ಟೆ. ನೀರು ಹೊಕ್ಕು ಒಳಗಿನ ತಟ್ಟೆ ಪೂರ್ತಿ ಹಾಳಾಗಿದೆ, ಏನೂ ಬರುವುದಿಲ್ಲ ಅಂದರು. ಒಮ್ಮೆ ತೆರೆದಿತ್ತು ಅಂದೆ. ಬೇರೆ ಡಿಸ್ಕ್ ಇರಬೇಕು ನೋಡಿರಿ ಎಂದು ನಕ್ಕರು. ನಾನು ಗಿರಾಕಿಗಳಿಗೆ ನಗುತ್ತಿದ್ದುದೂ ಹಾಗೆಯೇ.

ನಾನೇ ಮರೆತಿರಬಹುದೇ, ನಿಜವಾಗಿ ಕರೆದೇ ಇದ್ದೆನೇ ಎಂದು ಬಹಳ ಯೋಚಿಸಿದ್ದೇನೆ. ಇಲ್ಲ. "ಆತ್ ಬಿಡಪಾ" ಎಂಬ ಆ ಮಾತು ಇನ್ನೂ ಕಿವಿಯಲ್ಲಿದೆ. ನನ್ನ ತಪ್ಪಿನ ಭಯಕ್ಕೆ ನನಗೊಬ್ಬನಿಗೆ ಹಾಗೆ ಕಂಡಿತು ಅನ್ನೋಣವೆಂದರೆ ರತ್ನಾಳಿಗೂ ಅದೇ ಕಂಡಿತು, ಅದೇ ಕೇಳಿಸಿತು.

ಕೆಲವು ತಿಂಗಳ ಮೇಲೆ ಅವಳು ಗಂಡನನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದಳು. ಅವನನ್ನು ಕಂಡು ಕುರ್ಚಿಯಿಂದ ಎದ್ದು ನಿಂತೆ. ಆ ದಿನ ವೇದಿಕೆಯ ಮೇಲೆ ನನಗೆ ಎದುರಾಗಿ ನಿಂತಿದ್ದ ಮದುಮಗ ಅವನು. ನಾನು ನೀಲವ್ವನನ್ನು ಹಿಂದೆ ಸರಿಯಿರಿ ಅಂದಾಗ ತಲೆಯೆತ್ತಿ ನನ್ನನ್ನು ನೋಡಿದ್ದ, ಏನೋ ಹೇಳಲು ಹೋಗಿ ಸುಮ್ಮನಾಗಿದ್ದ.

"ಇವ್ರು ನಂಬವಲ್ರು ಅಣ್ಣಾರ" ಅಂದಳು ರತ್ನಾ. "ನೀವ ಹೇಳ್ರಿ, ನಮ್ಮವ್ವನ್ನ ಮುಂದ ಕರದ್ರಿಲ್ಲೋ?"

"ಹೌದ್ರಿ, ಕರದೆ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಇನ್ನೇನು ಹೇಳಿಬಿಡುತ್ತಾನೆ ಎಂದು ನಾನು ಮೇಜನ್ನು ಗಟ್ಟಿಯಾಗಿ ಹಿಡಿದು ನಿಂತೆ. ಆಮೇಲೆ ಅವನು ಹೆಂಡತಿಯ ಕಡೆ ತಿರುಗಿ, "ಖರೆ ಐತಿ ಬಿಡ. ಇವರು ಕರದಿದ್ದು ನನಗೂ ಕೇಳಿಸಿತ್ತು" ಅಂದ. ಅವಳ ಮುಖ ಅರಳಿತು. ಅವನು ನನ್ನ ಕಡೆ ಇನ್ನೊಮ್ಮೆ ನೋಡದೆ ಹೊರಗೆ ಹೋಗಿ ಗಾಡಿ ಚಾಲೂ ಮಾಡಿದ.

ಹೆಂಡತಿಯ ಸಲುವಾಗಿ ಸುಳ್ಳು ಹೇಳಿದನೋ, ನಿಜವಾಗಿಯೂ ಅವನಿಗೆ ಹಾಗೆ ಕೇಳಿಸಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವನು ಮುಂಡರಗಿಯ ಬಸ್ ನಿಲ್ದಾಣದಲ್ಲಿ ಒಮ್ಮೆ, ಗದಗಿನಲ್ಲಿ ಒಮ್ಮೆ ಒಬ್ಬನೇ ಸಿಕ್ಕಿದ್ದ. ಎರಡು ಸಲವೂ ಮಳೆ ಬೆಳೆ ಮಾತಾಡಿದೆವು. ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದ್ದರೆ, ನೀವು ಅವತ್ತು ಅಂದದ್ದೇನು ಎಂದು ಅವನೂ ನನ್ನನ್ನು ಕೇಳುತ್ತಿದ್ದ.