ಬಿಟ್ಟೆ ಸೊಣ್ಣಪ್ಪನ ಗೋಟಡಿಕೆ

ದೇವನಹಳ್ಳಿ ತಾಲ್ಲೂಕಿನ ಆ ಊರಲ್ಲಿ ಸೊಣ್ಣಪ್ಪ ಅಂತ ಕೇಳಿದರೆ ಯಾವ ಸೊಣ್ಣಪ್ಪ ಅಂತ ತಿರುಗಿ ಕೇಳುತ್ತಿದ್ದರು. ‘ಬಿಟ್ಟೆ ಸೊಣ್ಣಪ್ಪ’ ಅಂದರೆ ಮಾತ್ರ ಚಿಕ್ಕ ಮಗುವೂ ಮನೆ ತೋರಿಸುತ್ತಿತ್ತು. ಈ ಹೆಸರು ಬಂದದ್ದು ಪಗಡೆಯಿಂದ. ಅವನಿಗೂ ಅದರಲ್ಲಿ ಬೇಸರವೇನಿರಲಿಲ್ಲ, ಒಳಗೊಳಗೇ ಜಂಬವೇ ಇತ್ತು ಅನ್ನಿ.

ಅರಳಿಕಟ್ಟೆಯ ಮೇಲೆ ಪಗಡೆ ಹಾಸು ಬಿಚ್ಚಿದರೆ ಊರಿನ ಗಂಡಸರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಾಲ್ಕು ಕೈ ಚಾಚಿದ ಬಟ್ಟೆ, ಎರಡು ಉದ್ದನೆಯ ದಾಳ, ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಕಾಯಿ. ಸುತ್ತೆಲ್ಲ ಬಳಸಿಕೊಂಡು ನಡುಮನೆಗೆ ಬಂದು ಸೇರಿದರೆ ಕಾಯಿ ಹಣ್ಣಾಯಿತು ಅಂತ ಲೆಕ್ಕ. ಒಂಟಿಯಾಗಿ ಸಿಕ್ಕಿದ ಕಾಯನ್ನು ಎದುರಾಳಿ ಹೊಡೆದರೆ ಅದು ಮತ್ತೆ ಮೊದಲಿಂದ ಹೊರಡಬೇಕು. ಜೋಡಿಯಾಗಿ ನಡೆಸಿದರೆ ಒಂಟಿಕಾಯಿ ಅದನ್ನು ಮುಟ್ಟುವಂತಿಲ್ಲ. ಇಷ್ಟು ಎಲ್ಲ ಊರಲ್ಲೂ ಇರುವುದೇ. ಈ ಊರಿನದೇ ಆದ ಇನ್ನೊಂದು ಪದ್ಧತಿ ಇತ್ತು, ಅದು ಗೋಟಡಿಕೆಯದು.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅವತ್ತು ಊರವರು ಸೇರಿ ಟಗರು ಕಡಿದು, ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಿದ್ದರು. ಪಗಡೆಗೆ ಪಣವೂ ಅದೇ ಒಂದು ಗುಡ್ಡೆ. ಆಟದ ನಡುವೆ ತನ್ನ ಕೈ ಮೇಲಾಯಿತು ಅನ್ನಿಸಿದವನು ಒಂದು ಗೋಟಡಿಕೆಯನ್ನು, ಅಂದರೆ ಒಡೆಯದ ಇಡೀ ಅಡಿಕೆಯನ್ನು, ಎದುರಿನವನ ಮುಂದೆ ಇಡುತ್ತಿದ್ದ. ಹಾಗಂದರೆ ಪಣ ದುಪ್ಪಟ್ಟು. ಎದುರಿನವನು ‘ಎತ್ಕೊಂಡೆ’ ಅಂದು ಅಡಿಕೆ ಎತ್ತಿಕೊಂಡರೆ ಎರಡು ಗುಡ್ಡೆಗೆ ಆಟ ಮುಂದುವರಿಯಿತು. ಮತ್ತೆ ದುಪ್ಪಟ್ಟು ಮಾಡುವ ಹಕ್ಕು ಆ ಅಡಿಕೆ ಇಟ್ಟುಕೊಂಡವನದೇ. ‘ಬಿಟ್ಟೆ’ ಅಂದರೆ ಒಂದು ಗುಡ್ಡೆ ಕೊಟ್ಟು ಏಳಬೇಕು, ಆಟ ಅಲ್ಲಿಗೇ ಮುಗಿಯಿತು.

ಮೀಸೆ ಇರುವ ಗಂಡಸು ಬಿಟ್ಟೆ ಅನ್ನುತ್ತಾನೆಯೇ? ಊರೆಲ್ಲ ಎತ್ತಿಕೊಳ್ಳುವವರೇ, ಎತ್ತಿಕೊಂಡು ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಳ್ಳುವವರೇ. ಸೊಣ್ಣಪ್ಪ ಒಬ್ಬ ಮಾತ್ರ ಹಾಸನ್ನು ಒಮ್ಮೆ ದಿಟ್ಟಿಸಿ ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ‘ಬಿಟ್ಟೆ’ ಅನ್ನುತ್ತಿದ್ದ. ನಗುವವರು ನಗುತ್ತಿದ್ದರು. ಸಂಜೆ ಹೊತ್ತಿಗೆ ನೋಡಿದರೆ ಅವನ ಕುಕ್ಕೆಯಲ್ಲೇ ಹೆಚ್ಚು ಮಾಂಸ ಇರುತ್ತಿತ್ತು.

“ಅದೇನ್ ಮಂತ್ರನೋ ನಂಗೂ ಹೇಳ್ಕೊಡು ಕಣ್ಲಾ,” ಅಂತ ಜೊತೆಗಾರ ಬೈಲಪ್ಪ ಒಂದು ಸಲ ಗಂಟುಬಿದ್ದ.

“ಮಂತ್ರ ಎಲ್ ಬಂತು? ಇಂಥದೇ ಆಟ ನಾಲ್ಕು ಸಲ ಬಂತು ಅಂತಿಟ್ಕೋ. ನಾಲ್ಕೂ ಸಲ ಬಿಟ್ರೆ ನಾಲ್ಕು ಗುಡ್ಡೆ ಹೋಯ್ತು. ನಾಲ್ಕೂ ಸಲ ಎತ್ಕೊಂಡು ಮೂರು ಸೋತ್ರೆ ಆರು ಗುಡ್ಡೆ ಹೋಯ್ತು, ಒಂದು ಗೆದ್ರೆ ಎರಡು ಬಂತು. ಅಲ್ಲಿಗೂ ಹೋಗಿದ್ದು ನಾಲ್ಕೇ. ಅದುಕ್ಕೇ ನಾಲ್ಕರಲ್ಲಿ ಒಂದು ಗೆಲ್ಲೋ ಹಂಗಿದ್ರೆ ಎತ್ಕೋ. ಅದಕ್ಕಿಂತ ಕಮ್ಮಿ ಅಂದ್ರೆ ಮುಟ್ಟಬ್ಯಾಡ.”

ಬೈಲಪ್ಪ ತಲೆ ಕೆರೆದುಕೊಂಡ. ಮುಂದಿನ ಆಟದಲ್ಲೇ ಎತ್ತಿಕೊಂಡು ಸೋತ.

ಕಾಯಿ ನಡೆಸುವುದರಲ್ಲಿ ಇಡೀ ಊರಲ್ಲಿ ಬಿಟ್ಟೆ ಸೊಣ್ಣಪ್ಪನಿಗೆ ಒಬ್ಬರೇ ಒಬ್ಬರು ಸರಿಸಾಟಿ ಇದ್ದರು, ಅದು ಅವನ ಹೆಂಡತಿ ಅಂಜಿನಮ್ಮ. ಹೊಸಕೋಟೆ ಕಡೆಯ ಹೆಣ್ಣು, ಪಗಡೆಯನ್ನು ಅಪ್ಪನ ಮನೆಯಿಂದಲೇ ಕಲಿತು ಬಂದವಳು. ಹೆಂಗಸರು ಕಟ್ಟೆ ಹತ್ತುವಂತಿಲ್ಲ, ಹಾಗಾಗಿ ಅವಳ ಆಟವೆಲ್ಲ ಮನೆಯ ಪಡಸಾಲೆಯಲ್ಲೇ. ಅವಳ ಪದ್ಧತಿ ಗಂಡನದಕ್ಕೆ ತದ್ವಿರುದ್ಧ. ಅಡಿಕೆ ಮುಂದೆ ಬಂದದ್ದೇ ತಡ, ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ‘ಬಿಟ್ಟೆ’ ಅನ್ನುವ ಮಾತು ಅವನು ಕೇಳಿಯೇ ಇರಲಿಲ್ಲ. ಹೆಚ್ಚು ಸಲ ಸೋಲುತ್ತಿದ್ದಳು. ಗೆದ್ದ ದಿನ ಮಾತ್ರ ಆ ನಗು, ಅಬ್ಬಾ, ಬೀದಿ ಕೊನೆಗೆ ಕೇಳಿಸುತ್ತಿತ್ತು.

“ಬಿಡೋದ್ರಲ್ಲೇ ಜೀವಮಾನ ಕಳೀತೀಯ ಕಣಯ್ಯಾ ನೀನು,” ಅಂತ ಅವನನ್ನು ಹಂಗಿಸುತ್ತಿದ್ದಳು.

ಅವಳ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ವಿಮಾನ ನಿಲ್ದಾಣ ಬರುತ್ತದೆ ಅನ್ನುವ ಸುದ್ದಿ ಹಬ್ಬಿ, ಬಿಳಿ ಅಂಗಿಯ ದಲ್ಲಾಳಿಗಳು ಹೊಲದ ಬದುಗಳ ಮೇಲೆ ಓಡಾಡತೊಡಗಿದಾಗ, ಮೊದಲು ಬಂದವನಿಗೇ ಸೊಣ್ಣಪ್ಪ ರಾಗಿ ಹೊಲವನ್ನೂ ಚಕ್ಕೋತದ ಮರಗಳನ್ನೂ ಕೊಟ್ಟುಬಿಟ್ಟ. ಕಾದು ಕುಳಿತ ಬೈಲಪ್ಪನಿಗೆ ಆಮೇಲೆ ತನ್ನ ಹೊಲಕ್ಕೆ ಅದರ ಎಷ್ಟೋ ಪಟ್ಟು ಬೆಲೆ ಸಿಕ್ಕಿತು. ಸೊಣ್ಣಪ್ಪ ಹೊಟ್ಟೆ ಉರಿದುಕೊಳ್ಳಲಿಲ್ಲ. ಬಂದದ್ದನ್ನು ಬ್ಯಾಂಕಿನಲ್ಲಿಟ್ಟು, ಹೆದ್ದಾರಿಯ ನಡುವೆ ನೆಟ್ಟ ಕಾಗದದ ಹೂವಿನ ಗಿಡಗಳಿಗೆ ಟ್ಯಾಂಕರ್‌ನಿಂದ ನೀರು ಹಾಯಿಸುವ ಕೆಲಸಕ್ಕೆ ಸೇರಿದ. ತಲೆಯ ಮೇಲೆ ವಿಮಾನ ಇಳಿಯುವಾಗ ಮೊದಮೊದಲು ಕತ್ತೆತ್ತಿ ನೋಡುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ.

ಒಂದು ಸಂಕ್ರಾಂತಿ ಕಳೆದ ಮೇಲೆ ಅಂಜಿನಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಕಷಾಯ ಆಯಿತು, ದೇವನಹಳ್ಳಿಯ ಡಾಕ್ಟರ ಗುಳಿಗೆಯೂ ಆಯಿತು. ತಿಂದದ್ದು ದಕ್ಕದೆ ಸೊರಗತೊಡಗಿದಳು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವಳನ್ನು ಮಂಚದ ಮೇಲೆ ಮಲಗಿಸಿ, ಡಾಕ್ಟರು ಅವನೊಬ್ಬನನ್ನೇ ಕೋಣೆಗೆ ಕರೆದರು.

“ಕರುಳಲ್ಲಿ ಗಡ್ಡೆ ಇದೆ. ಆಪರೇಷನ್ ಮಾಡಬಹುದು, ಆದರೆ ಕಷ್ಟದ್ದು.”

“ಸಾ, ಉಳೀತಾಳಾ? ನಾಲ್ಕರಲ್ಲಿ ಒಂದಾದ್ರೂ?”

ಡಾಕ್ಟರು ಈ ಪ್ರಶ್ನೆಗೆ ಸ್ವಲ್ಪ ಅಚ್ಚರಿಪಟ್ಟರು. “ಅಷ್ಟು ಹೇಳೋಕಾಗಲ್ಲ. ಇಂಥ ಐದು ಜನದಲ್ಲಿ ಒಬ್ಬರು ಚೇತರಿಸ್ಕೋತಾರೆ. ಮಾಡದೇ ಇದ್ದರೆ ಕೆಲವು ತಿಂಗಳು. ನೀವು ಮನೇಲಿ ಮಾತಾಡಿಕೊಂಡು ಬೇಗ ಹೇಳಿ, ತಡ ಮಾಡಿದರೆ ಆ ಒಂದೂ ಇರಲ್ಲ.”

ದುಡ್ಡಿನ ಮಾತಲ್ಲ ಇದು, ದುಡ್ಡು ಬ್ಯಾಂಕಿನಲ್ಲಿತ್ತು. ಹೆಂಡತಿಯ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ, ಅಂಥ ಮಾತು ಯಾರಾದರೂ ಆಡಿದರೆ ಅವರ ನಾಲಿಗೆಗೆ ಬರೆ ಹಾಕಬೇಕು. ಅವನ ಕಣ್ಣ ಮುಂದೆ ಬಂದದ್ದು ಹೊಟ್ಟೆ ಕೊಯ್ದು ಮೂಗಿಗೆ ನಳಿಗೆ ಹಾಕಿ ಮಲಗಿಸಿದ ಅಂಜಿನಮ್ಮ. ಅಷ್ಟೆಲ್ಲ ನರಳಿಸಿ, ಐದರಲ್ಲಿ ನಾಲ್ಕು ಪಾಲು ಹೆಣ ತರುವುದೇ? ಅದಕ್ಕಿಂತ ಇರುವಷ್ಟು ದಿನ ಮನೆಯಲ್ಲಿ ನೆಮ್ಮದಿಯಾಗಿ ಇರಲಿ. ನಾಲ್ಕರಲ್ಲಿ ಒಂದಕ್ಕಿಂತ ಕಮ್ಮಿ ಇದ್ದರೆ ಮುಟ್ಟಬಾರದು. ಹಾಗಂತ ಅವನ ತಲೆ ತಾನೇ ತಾನಾಗಿ ಲೆಕ್ಕ ಹಾಕಿ ಮುಗಿಸಿತು.

“ಬ್ಯಾಡ ಸಾ. ಮನೆಗೆ ಕರ್ಕೊಂಡ್ ಹೋಗ್ತೀನಿ,” ಅಂದ. ಹೆಂಡತಿಗೆ, “ಗುಳಿಗೆಯಲ್ಲೇ ವಾಸಿ ಆಗ್ತದಂತೆ ಕಣೆ,” ಅಂತ ಹೇಳಿದ. ಅವಳು ಅವನ ಮುಖವನ್ನೇ ನೋಡಿದಳು.

ಯುಗಾದಿ ಬಂತು. ಮಾರನೆಯ ದಿನ ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ಅದು ವರ್ಷವಿಡೀ ತೊಡರಿಕೊಳ್ಳುತ್ತದೆ ಅನ್ನುವ ನಂಬಿಕೆ ಈ ಕಡೆ. ಮಧ್ಯಾಹ್ನ ಸೊಣ್ಣಪ್ಪ ಕಟ್ಟೆಗೆ ಹೋಗದೆ ಗಂಜಿ ಕಾಯಿಸಿಕೊಂಡು ಬಂದು ಕುಳಿತ. ಅವಳು ಬಟ್ಟಲನ್ನು ಆಚೆ ತಳ್ಳಿದಳು.

“ಹಾಸು ತೆಗಿ. ಒಂದಾಟ ಆಡೋಣ.”

“ಕೂತ್ಕೊಳೋಕೆ ತ್ರಾಣ ಇಲ್ಲ ನಿಂಗೆ, ಆಟ ಅಂತೆ.”

“ದಾಳ ಉರುಳಿಸೋಕೆ ಕೈ ಸಾಕು. ನಾನು ಸೋತ್ರೆ ನಿನ್ ಗಂಜಿ ಪೂರ್ತಿ ಕುಡೀತೀನಿ. ನೀನು ಸೋತ್ರೆ ನಾನು ಕೇಳಿದ್ದು ಒಂದಕ್ಕೆ ನಿಜ ಹೇಳ್ಬೇಕು.”

ಅವಳು ಕೇಳುವುದೇನು ಅಂತ ಅವನು ಊಹಿಸಿದ. ಆದರೂ ಗಂಜಿ ಒಳಗೆ ಹೋಗುತ್ತದಲ್ಲ ಅನ್ನುವ ಆಸೆಗೆ ಹಾಸು ಬಿಚ್ಚಿದ. ಅವಳ ಬೆನ್ನಿಗೆ ದಿಂಬು ಒತ್ತಿಟ್ಟ. ಅವತ್ತು ದಾಳ ಅವನ ಪರವಾಗಿಯೇ ಬೀಳುತ್ತಾ ಹೋಯಿತು. ನೋಡನೋಡುತ್ತಾ ಅವನ ಮೂರು ಕಾಯಿ ಹಣ್ಣಾದವು. ನಾಲ್ಕನೆಯದೊಂದು ಒಂಟಿಯಾಗಿ ಮನೆ ದಾರಿ ಹಿಡಿದಿತ್ತು. ಅವಳ ಮೂರು ಕಾಯಿ ಇನ್ನೂ ಹಾದಿಯಲ್ಲೇ ಇದ್ದವು. ಅವಳ ಹಣೆಯ ಮೇಲೆ ಬೆವರು ಮೂಡಿದ್ದು ಕಂಡು, ಸಾಕು, ಇಲ್ಲಿಗೆ ಮುಗಿಸೋಣ ಅಂದುಕೊಂಡು ಗೋಟಡಿಕೆಯನ್ನು ಅವಳ ಮುಂದೆ ಇಟ್ಟ.

“ಎಷ್ಟರಲ್ಲೊಂದು ಐತೆ ನಂಗೆ?” ಅಂತ ಕೇಳಿದಳು.

“ಐದರಲ್ಲಿ ಒಂದು. ಬಿಟ್ಬುಡು ಅಂಜಿನಿ, ಗಂಜಿ ಆರೋಗ್ತದೆ.”

“ಐದರಲ್ಲೊಂದು ಅಂದ್ರೆ ಒಂದು ಐತೆ ತಾನೆ?” ಅಂದವಳೇ ಅಡಿಕೆ ಎತ್ತಿಕೊಂಡಳು. “ಎತ್ಕೊಂಡೆ. ಇನ್ ಎರಡಕ್ಕೆ ನಿಜ ಹೇಳ್ಬೇಕು ನೀನು.”

ಅವಳು ದಾಳ ಉರುಳಿಸಿದಳು. ಆರು, ಆರು. ಹನ್ನೆರಡು ಮನೆ ನಡೆದ ಅವಳ ಕಾಯಿ ಅವನ ಒಂಟಿಕಾಯಿಯ ನೆತ್ತಿಯ ಮೇಲೇ ಬಂದು ಕುಳಿತಿತು. ಮನೆ ಬಾಗಿಲಲ್ಲಿದ್ದ ಕಾಯಿ ಮತ್ತೆ ಮೊದಲಿಗೆ ಹೋಯಿತು. ಆಮೇಲಿನದು ಹೇಳುವುದೇನಿದೆ, ಅವನ ಕಾಯಿ ಅರ್ಧ ಸುತ್ತು ಬರುವಷ್ಟರಲ್ಲಿ ಅವಳವೆಲ್ಲ ಹಣ್ಣಾಗಿದ್ದವು. ಈ ಸಲ ಅವಳು ನಗಲಿಲ್ಲ.

“ಡಾಕ್ಟ್ರು ನಂಗೆ ಎಷ್ಟರಲ್ಲೊಂದು ಅಂದ್ರು?”

ಸೊಣ್ಣಪ್ಪ ತಲೆ ತಗ್ಗಿಸಿದ. ವರ್ಷತೊಡಕಿನ ದಿನ, ಪಣದ ಮಾತು, ಸುಳ್ಳು ನಾಲಿಗೆಗೆ ಬರಲಿಲ್ಲ. “ಐದರಲ್ಲಿ ಒಂದು.”

ಅಂಜಿನಮ್ಮ ಸೊಂಟದಿಂದ ಅಡಿಕೆ ತೆಗೆದಳು. “ಆವತ್ತೇ ನರ್ಸಮ್ಮ ಕೇಳಿದ್ಲು, ಯಾಕಮ್ಮ ಆಪ್ರೇಷನ್ ಬ್ಯಾಡ ಅಂದ್ರಿ ಅಂತ. ನಾನೆಲ್ಲಿ ಅಂದೆ? ನೀನೇ ಹೇಳ್ತೀಯೇನೋ ಅಂತ ಕಾದೆ.” ಅಡಿಕೆಯನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು. “ಇನ್ನೊಂದು ಹೇಳು. ಅಡಿಕೆ ಇಟ್ಟಿದ್ದು ನನ್ ಮುಂದೆ ಕಣಯ್ಯಾ. ಬಿಟ್ಟೆ ಅನ್ನೋಕೆ ನೀನ್ಯಾರು?”

ಅವನು ಕೈ ಚಾಚಲಿಲ್ಲ, ಅವಳು ಅಡಿಕೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಾಳೆ ಇನ್ನೊಂದಾಟ ಇರೋನು ಬಿಡ್ಬೋದು. ಒಂದ್ ಗುಡ್ಡೆ ಹೋದ್ರೆ ಬರೋ ವರ್ಷ ಇನ್ನೊಂದು ಬರ್ತದೆ. ನಂಗೆಲ್ಲೈತೆ ನಾಳೆ ಆಟ? ಬಿಟ್ರೂ ಪೂರ್ತಿ ಹೋಗೋದು, ಸೋತ್ರೂ ಪೂರ್ತಿ ಹೋಗೋದು. ಅಂಥೋಳಿಗೆ ನೂರರಲ್ಲಿ ಒಂದಿದ್ರೂ ಎತ್ಕೋಬೇಕು. ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ, ಅಷ್ಟು ದೊಡ್ಡ ಆಟಗಾರ?”

ಅಯ್ಯೋ, ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಜೀವಮಾನವಿಡೀ ಬಿಟ್ಟೆ ಅಂದು ಗೆದ್ದವನು, ಬಿಡುವುದು ಅಗ್ಗವಾದದ್ದು ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಹಾಸಿನ ಮೇಲೆ ಮುಖವಿಟ್ಟು ಮಗುವಿನ ಹಾಗೆ ಅತ್ತುಬಿಟ್ಟ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು, ಆದರೂ ಸಿಟ್ಟು ಇಳಿಯಲಿಲ್ಲ. ಅವಳ ಹೊಟ್ಟೆಯಲ್ಲಿದ್ದ ಸಿಟ್ಟು ನ್ಯಾಯವಾದದ್ದೇ.

ಮಾರನೆಯ ಬೆಳಿಗ್ಗೆಯೇ ಬೈಲಪ್ಪನ ಕಾರಿನಲ್ಲಿ ಮತ್ತೆ ಅದೇ ಆಸ್ಪತ್ರೆಗೆ ಓಡಿದರು. ಈ ಸಲ ಅಂಜಿನಮ್ಮ ತಾನೂ ಡಾಕ್ಟರ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತಳು. ಹೊಸದಾಗಿ ತೆಗೆದ ಸ್ಕ್ಯಾನಿಂಗ್ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ ಡಾಕ್ಟರು ಕೆಳಗಿಟ್ಟರು.

“ಈಗ ಎಷ್ಟರಲ್ಲಿ ಒಂದು ಸಾ?” ಅಂತ ಸೊಣ್ಣಪ್ಪ ಕೇಳಿದ.

ಡಾಕ್ಟರು ಔಷಧದ ಚೀಟಿ ಎಳೆದುಕೊಂಡರು. ಗಡ್ಡೆ ಎಲ್ಲ ಕಡೆ ಹಬ್ಬಿದೆ, ನೋವಿಗೆ ಔಷಧ ಬರೆದುಕೊಡುತ್ತೇನೆ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಸೊಣ್ಣಪ್ಪನ ಪಾಲಿಗೆ ಅದು ಬರೀ ಗಾದೆಯಾಗಿ ಉಳಿಯಲಿಲ್ಲ.

ಹಿಂದಿರುಗುವಾಗ ಅವನು ನೀರು ಹಾಯಿಸುವ ಹೆದ್ದಾರಿಯೇ. ನಡುವೆ ಕಾಗದದ ಹೂ ಕೆಂಪಗೆ ಅರಳಿತ್ತು. ಅಂಜಿನಮ್ಮ ಅವನ ಭುಜಕ್ಕೆ ಒರಗಿ, ಸೊಂಟದಿಂದ ಗೋಟಡಿಕೆ ತೆಗೆದು ಅವನ ಕೈಗೆ ಹಾಕಿದಳು.

“ಈಗ ಬಿಟ್ಟೆ ಕಣಯ್ಯಾ,” ಅಂದಳು.

ಅವಳ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಮುಂಗಾರು ಹಿಡಿಯುವ ಮೊದಲೇ ಅವಳು ಹೋದಳು.

ಸೊಣ್ಣಪ್ಪ ಈಗಲೂ ಕಟ್ಟೆಗೆ ಬರುತ್ತಾನೆ. ಅಡಿಕೆ ಮುಂದಿಟ್ಟವರಿಗೆಲ್ಲ ‘ಎತ್ಕೊಂಡೆ’ ಅನ್ನುತ್ತಾನೆ, ಹಾಸಿನ ಕಡೆ ಕಣ್ಣು ಕೂಡ ಹಾಯಿಸುವುದಿಲ್ಲ. ವರ್ಷತೊಡಕಿನ ದಿನ ಅವನ ಕುಕ್ಕೆ ಬರಿದು. ಹಳೆಯ ಹೆಸರು ಯಾರ ಬಾಯಲ್ಲೂ ಇಲ್ಲ, ಹೊಸದಾಗಿ ಕಲಿತವರು ಮೊದಲು ಅವನ ಎದುರೇ ಕೂರುತ್ತಾರೆ. ಹೋದ ಸಲ ಬೈಲಪ್ಪನಿಗೆ ನೋಡಿಕೊಂಡು ಇರಲಾಗಲಿಲ್ಲ.

“ಲೇ ಸೊಣ್ಣ, ಒಂದು ಕಾಯಿನೂ ಹಣ್ಣಾಗಿಲ್ಲ ನಿಂದು, ಎದುರಿನೋನಿಗೆ ಒಂದೇ ಬಾಕಿ. ಇದನ್ನೂ ಎತ್ಕೋತಾರೇನ್ಲಾ? ಬಿಟ್ಟೆ ಅನ್ನು!”

“ಅದೊಂದು ಮಾತು ಕೇಳಬ್ಯಾಡ ಕಣೋ ನನ್ನ,” ಅಂದ ಸೊಣ್ಣಪ್ಪ. ದಾಳ ಎತ್ತಿಕೊಂಡು, ಸೋತು ಮುಗಿಯುವವರೆಗೂ ಆಡಿದ.