ಚಿತ್ರ ಹಳೇದು, ಮೋಡ ಹೊಸದು

ಬೆಳಗಿನ ಐದೂಮುಕ್ಕಾಲು. ಇಟ್ಟಿಗೆ ಗೂಡಿನ ಅಂಗಳದಲ್ಲಿ ಆಕೆ ಕುಕ್ಕರುಗಾಲಿನಲ್ಲಿ ಕುಳಿತು ಹಸಿ ಇಟ್ಟಿಗೆಗಳ ಮಗ್ಗುಲು ಬದಲಿಸುತ್ತಿದ್ದಾರೆ. ಒಂದು ಸಾಲು ಮುಗಿದೊಡನೆ ಫೋನು ಹೊರಬರುತ್ತದೆ. ಒಂಬತ್ತು ಬೆರಳಿಗೆ ಕೆಸರು, ಬಲಗೈ ಕಿರುಬೆರಳು ಮಾತ್ರ ಚೊಕ್ಕಟ. ಅದರಿಂದಲೇ ಹವಾಮಾನ ರೇಡಾರಿನ ಚಿತ್ರ ತೆರೆಯುತ್ತಾರೆ.

"ಈ ಬೆರಳಿಗೆ ಮಣ್ಣಿನ ಕೆಲಸ ಹೇಳಲ್ಲ ನಾನು. ಇದು ಆಫೀಸರು" ಎಂದು, ಬರೆದುಕೊಳ್ಳಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಜೊತೆಯವರು ಆಕೆಯನ್ನು ಕರೆಯುವುದು 'ಮೋಡದಕ್ಕ' ಎಂದು. ಅಂಗಳದಲ್ಲಿ ಹನ್ನೊಂದು ಸಾವಿರ ಹಸಿ ಇಟ್ಟಿಗೆ ಹರಡಿವೆ. ಒಣಗಲು ಮೂರು ದಿನದ ಬಿಸಿಲು ಬೇಕು, ಕರಗಲು ಹತ್ತು ನಿಮಿಷದ ಮಳೆ ಸಾಕು. ವಸಂತದ ಬಿರುಮಳೆಗೋ ಹೇಳಿ ಬರುವ ಅಭ್ಯಾಸವೇ ಇಲ್ಲ. ಸದಾ ತಾಡಪಾಲು ಹೊದಿಸಿಡೋಣವೆಂದರೆ ಇಟ್ಟಿಗೆ ಒಳಗೇ ಬೆವೆತು ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ.

ರೇಡಾರು ನೋಡುವ ಕೆಲಸವನ್ನು ಆಕೆಗೆ ಯಾರೂ ವಹಿಸಿದ್ದಲ್ಲ. ಎರಡು ವರ್ಷದ ಹಿಂದೆ ಮಗಳು ತೋರಿಸಿಕೊಟ್ಟಳಂತೆ. "ಹಸಿರು ಅಂದ್ರೆ ತುಂತುರು, ಕೆಂಪು ಅಂದ್ರೆ ಓಡು, ಅಷ್ಟೇ ಅಂದ್ಲು. ನಮ್ಮತ್ತೆಗೆ ಮಾತ್ರ ಸಿಟ್ಟು. ಅಲ್ಲೀವರೆಗೂ ಮನೇಲಿ ಮಳೆ ಹೇಳ್ತಿದ್ದಿದ್ದು ಅವರ ಮೊಣಕಾಲು ನೋವು!"

ಕಳೆದ ವರ್ಷ ಒಂದು ದಿನ ಆಕೆಯ ಲೆಕ್ಕ ತಪ್ಪಿತು. ಅಂಗಳವೆಲ್ಲ ಹೊದಿಸಲು ಆರು ಜನಕ್ಕೆ ಹದಿನೆಂಟು ನಿಮಿಷ ಹಿಡಿಯುತ್ತದೆ. ಕೆಂಪು ಇಪ್ಪತ್ತೈದು ನಿಮಿಷದ ದೂರದಲ್ಲಿ ಕಂಡಿತು. ಇನ್ನೈದು ನಿಮಿಷ ಬಿಸಿಲು ಕುಡಿಯಲಿ ಎಂದು ಆಕೆ ತಡೆದರು. ಅರ್ಧ ಹೊದಿಸುವಷ್ಟರಲ್ಲಿ ಮಳೆ ಸುರಿಯಿತು. ಇಟ್ಟಿಗೆಗೆ ಅಚ್ಚು ಹಾಕುವ ಹಿರಿಯರೊಬ್ಬರ ಎರಡು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಅವರು ಬೈದಿದ್ರೆ ಚೆನ್ನಾಗಿತ್ತು. ಅಲ್ಲಿಂದಾಚೆ ನಾನು ಮಳೆ ಅಂದಾಗೆಲ್ಲ, ಮೊದಲು ತಲೆ ಎತ್ತಿ ಆಕಾಶ ನೋಡೋರು. ಆಮೇಲೇ ತಾಡಪಾಲಿಗೆ ಕೈ ಹಾಕೋರು."

ತಪ್ಪು ಎಲ್ಲಿತ್ತೆಂದು ಆಕೆ ಹುಡುಕಿಯೇ ಬಿಟ್ಟರು. "ಚಿತ್ರದ ಮೂಲೇಲಿ ಸಣ್ಣಕ್ಷರದಲ್ಲಿ ಟೈಮು ಇರುತ್ತೆ. ನಾನು ನೋಡಿದ್ದು ಹತ್ತು ನಿಮಿಷ ಹಿಂದಿನದು. ಚಿತ್ರ ಹಳೇದು, ಮೋಡ ಹೊಸದು. ಅದೇನು ನನಗೋಸ್ಕರ ಅಲ್ಲೇ ಕಾಯ್ತಾ ನಿಂತಿರುತ್ತಾ?"

ಈಗ ಚಿತ್ರದ ಲೆಕ್ಕದಿಂದ ಹತ್ತು ನಿಮಿಷ ಕಳೆದೇ ಹೇಳುತ್ತಾರೆ. ಈ ವಸಂತದಲ್ಲಿ ಬಂದ ಒಂಬತ್ತು ಮಳೆಗೂ ಒಂದು ಇಟ್ಟಿಗೆಯೂ ನೆನೆದಿಲ್ಲ. ಎರಡು ಸಲ ಬರದ ಮಳೆಗೆ ಹೊದಿಸಿ ಎಲ್ಲರಿಂದ ಬೈಸಿಕೊಂಡದ್ದೂ ಉಂಟು.

ಎಂಟು ಗಂಟೆಯ ಹೊತ್ತಿಗೆ ಆಕೆ ತಟ್ಟನೆ ಏಳುತ್ತಾರೆ. "ಹೊದಿಸ್ರೋ!"

ನಾನು ತಲೆ ಎತ್ತುತ್ತೇನೆ. ಗೂಡಿನ ಮೇಲೆ ಒಂದು ಚೂರೂ ಮೋಡವಿಲ್ಲ, ಬಿಸಿಲು ಚುರುಗುಡುತ್ತಿದೆ. ಅಚ್ಚು ಹಾಕುತ್ತಿದ್ದ ಹಿರಿಯರು ಅಚ್ಚನ್ನು ಕೆಳಗಿಡುತ್ತಾರೆ.

"ಎಷ್ಟು ನಿಮಿಷ ಇದೆಯಮ್ಮ?"

"ಇಪ್ಪತ್ತು. ಹಳೇದು ಕಳೆದು."

ಅವರು ತಲೆ ಎತ್ತದೆ ನೇರ ಹೋಗಿ ತಾಡಪಾಲಿನ ತುದಿ ಹಿಡಿಯುತ್ತಾರೆ. ಗೂಡಿನ ಹಿಂದಿನಿಂದ ಗಾಳಿ ನುಗ್ಗುತ್ತದೆ, ಬೆಳಕು ಮಂಕಾಗುತ್ತದೆ. ಕೊನೆಯ ಅಂಚಿಗೆ ಕಲ್ಲು ಹೇರುವಾಗ ನನ್ನ ನೋಟುಬುಕ್ಕಿನ ಮೇಲೆ ಮೊದಲ ಹನಿ ಬೀಳುತ್ತದೆ. ಎಲ್ಲರೂ ತಗಡಿನ ಮಾಡಿನಡಿಗೆ ಓಡುತ್ತೇವೆ.

ಮಳೆಯ ಸದ್ದಿಗೆ ಕೂಗಿಯೇ ಕೇಳಬೇಕು: ನಿಮಗೇನಾದರೂ ಆಸೆ ಇದೆಯೇ?

ಆಕೆ ಕಿರುಬೆರಳು ಒರೆಸಿಕೊಂಡು, ಮಾಡಿನ ಆ ತುದಿಯಲ್ಲಿ ನಿಂತ ಹಿರಿಯರತ್ತ ಗದ್ದ ಎತ್ತಿ ತೋರಿಸಿ ನನಗೆ ಹೇಳುತ್ತಾರೆ.

"ಒಂದಿತ್ತು. ಇವತ್ತು ತೀರ್ತು. ಆಕಾಶ ನೋಡಿದ್ದು ನೀವೊಬ್ರೇ."